250 ವ್ಯಾಟ್ ಹಬ್ ಮೋಟರ್‌ಗೆ 18 ಆಂಪ್: ಮಂಗಳೂರಿನ ಏರುಗಳಲ್ಲಿ ಎರಡು ಮಳೆಗಾಲ

ಉಕ್ಕಿನ ಫ್ರೇಮಿನ ಹೈಬ್ರಿಡ್ ಸೈಕಲ್, 26 ಇಂಚಿನ ಚಕ್ರ, ಹಿಂದಕ್ಕೆ 36 ವೋಲ್ಟಿನ 250 ವ್ಯಾಟ್ ಗೇರ್ಡ್ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ, ಒಳಗೆ ಗೇರ್ ಇರುವ ಮೋಟರ್), 13 ಆಂಪ್ ಅವರ್ ಬ್ಯಾಟರಿ. ಕಿಟ್ ಜೊತೆ ಬಂದಿದ್ದ 15 ಆಂಪ್ ಕಂಟ್ರೋಲರ್ (ಮೋಟರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನಿಯಂತ್ರಿಸುವ ಪೆಟ್ಟಿಗೆ) ತೆಗೆದು, ಆಂಪ್ ಎಷ್ಟಿರಬೇಕು ಅಂತ ಫೋನಿನಿಂದಲೇ ಸೆಟ್ ಮಾಡುವಂಥದ್ದನ್ನು ಹಾಕಿ 18 ಆಂಪಿಗೆ ಇಟ್ಟುಕೊಂಡಿದ್ದೇನೆ. ಈ ವಿಮರ್ಶೆ ಆ ಬದಲಾವಣೆಯದ್ದು.

ಸಪಾಟು ರಸ್ತೆಗೆ 250 ವ್ಯಾಟ್ ಧಾರಾಳ ಸಾಕು. ಕಷ್ಟ ಶುರುವಾಗುವುದು ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತುವಾಗ, ಅದೂ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಇದ್ದಾಗ. ಅಂಗಡಿಯಲ್ಲಿ ಕೇಳಿದರೆ ಒಂದೇ ಉತ್ತರ: "48 ವೋಲ್ಟ್ ಬ್ಯಾಟರಿ ಹಾಕಿ ಸಾರ್, ಹಾರುತ್ತೆ." ಹಾರುತ್ತೆ, ನಿಜ. ಆದರೆ 48 ವೋಲ್ಟ್ ಬ್ಯಾಟರಿ ಫುಲ್ ಚಾರ್ಜ್ ಆದಾಗ 54.6 ವೋಲ್ಟ್ ಇರುತ್ತದೆ. ನನ್ನ ಹಳೇ ಕಂಟ್ರೋಲರ್ ಬಿಚ್ಚಿ ನೋಡಿದರೆ ಕೆಪಾಸಿಟರ್ ಮೇಲೆ 50 ವೋಲ್ಟ್ ಅಂತ ಬರೆದಿತ್ತು, ಅಂದರೆ ಅದರ ಮಿತಿಯೇ ಅಷ್ಟು! ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು, ವೋಲ್ಟ್ ಜಾಸ್ತಿ ಮಾಡಿದರೆ ಮುಖ್ಯವಾಗಿ ಹೆಚ್ಚುವುದು ಮೋಟರಿನ ವೇಗ. ನನಗೆ ಬೇಕಿದ್ದದ್ದು ಏರಿನಲ್ಲಿ ತಳ್ಳುವ ಬಲ, ಅದು ಬರುವುದು ಕರೆಂಟಿನಿಂದ. ವೇಗ ಹೆಚ್ಚಿದರೆ ಕಾನೂನಿನ ತಲೆನೋವು ಬೇರೆ. ಮೋಟರಿನ 30 ನಿಮಿಷದ ಪವರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದರೆ ಮಾತ್ರ ನಮ್ಮಲ್ಲಿ ನಂಬರ್ ಪ್ಲೇಟ್, ಲೈಸೆನ್ಸ್ ಬೇಡ. ಹಾಗಾಗಿ ಸ್ಪೀಡ್ ಲಿಮಿಟ್ ಮುಟ್ಟಿಲ್ಲ. 18 ಆಂಪ್ ಕೂಡ ಏರಿನ ಒಂದೆರಡು ನಿಮಿಷಕ್ಕೆ ಮಾತ್ರ. ಹಾಗಿದ್ದೂ, ನಾವೇ ಬದಲಿಸಿದ ಸೈಕಲ್ ಈ ನಿಯಮದೊಳಗೆ ನಿಲ್ಲುತ್ತದಾ ಅಂತ ಆರ್‌ಟಿಒ ಕೇಳಿದರೆ ಉತ್ತರ ಕೊಡಬೇಕಾದವರು ನಾವೇ.

ಈಗ ಮುಖ್ಯ ವಿಷಯ: ಶಾಖ. ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಕರೆಂಟ್ 15ರಿಂದ 18 ಆದರೆ ವೈಂಡಿಂಗ್‌ನಲ್ಲಿ (ಮೋಟರಿನ ಒಳಗಿನ ತಂತಿ ಸುರುಳಿ) ಹುಟ್ಟುವ ಶಾಖ ಶೇ. 44 ಏರುತ್ತದೆ, 20 ಮಾಡಿದರೆ ಶೇ. 78. ಏರಿನಲ್ಲಿ ನಿಧಾನಕ್ಕೆ ಹೋಗುವಾಗ ಪರಿಸ್ಥಿತಿ ಇನ್ನೂ ಕೆಟ್ಟದ್ದು. ಬ್ಯಾಟರಿಯಿಂದ 15 ಆಂಪ್ ಬರುತ್ತಿದ್ದರೂ ಮೋಟರಿನ ಒಳಗೆ ಹರಿಯುವ ಫೇಸ್ ಕರೆಂಟ್ ಅದಕ್ಕಿಂತ ಎಷ್ಟೋ ಜಾಸ್ತಿ. ಅದಕ್ಕೇ ಬ್ಯಾಟರಿ ಕರೆಂಟ್, ಫೇಸ್ ಕರೆಂಟ್ ಎರಡಕ್ಕೂ ಬೇರೆ ಬೇರೆ ಮಿತಿ ಹಾಕಲು ಬರುವ ಕಂಟ್ರೋಲರನ್ನೇ ಹುಡುಕಿದೆ.

ಗೇರ್ಡ್ ಹಬ್ಬಿನಲ್ಲಿ ಮೋಟರ್ ಒಂದು ಡಬ್ಬಿಯೊಳಗಿನ ಇನ್ನೊಂದು ಡಬ್ಬಿ. ನಡುವೆ ಗಾಳಿ. ಹೊರಗಿನ ಕವಚಕ್ಕೆ ಕೈ ಇಟ್ಟರೆ ಸುಮ್ನೆ ಬೆಚ್ಚಗೆ ಅನಿಸುತ್ತದೆ, ಅಷ್ಟರಲ್ಲಿ ಒಳಗೆ 100 ಡಿಗ್ರಿ ದಾಟಿರಬಹುದು. ಗೇರ್ ಇಲ್ಲದ ಡೈರೆಕ್ಟ್ ಡ್ರೈವ್ ಮೋಟರಿಗೆ ಹಾಕುವ ಫೆರೋಫ್ಲೂಯಿಡ್ (ಒಳಗಿನ ಶಾಖವನ್ನು ಕವಚಕ್ಕೆ ಸಾಗಿಸುವ ದ್ರವ) ನಮ್ಮ ಗೇರ್ಡ್ ಮೋಟರಿಗೆ ಅಷ್ಟು ಉಪಯೋಗವಿಲ್ಲ. ದುಡ್ಡು ಉಳಿಸಿ.

ಅದರ ಬದಲು ಹತ್ತಿಪ್ಪತ್ತು ರೂಪಾಯಿಯ 10ಕೆ ಥರ್ಮಿಸ್ಟರ್ (ಬಿಸಿ ಅಳೆಯುವ ಪುಟ್ಟ ಸೆನ್ಸರ್) ಒಂದನ್ನು ಮೋಟರ್ ಬಿಚ್ಚಿ ವೈಂಡಿಂಗ್‌ಗೆ ಎಪಾಕ್ಸಿಯಲ್ಲಿ ಅಂಟಿಸಿದೆವು. ಹೊಸ ವೈರ್ ಎಳೆಯುವ ರಗಳೆ ಬೇಡ. ನನ್ನ ಮೋಟರಿನ 9 ಪಿನ್ ಕನೆಕ್ಟರಿನಲ್ಲಿ ಮೋಟರಿಗೆ ಕರೆಂಟ್ ಒಯ್ಯುವ ಮೂರು ಫೇಸ್ ವೈರ್, ಮೋಟರಿನ ತಿರುಗುವಿಕೆ ಗುರುತಿಸುವ ಹಾಲ್ ಸೆನ್ಸರಿನ ಐದು ವೈರ್, ಉಳಿದದ್ದು ಸ್ಪೀಡ್ ಸಿಗ್ನಲಿನ ಬಿಳಿ ವೈರ್. ಆ ಬಿಳಿ ವೈರನ್ನೇ ಟೆಂಪರೇಚರಿಗೆ ಕೊಟ್ಟೆವು. ಥರ್ಮಿಸ್ಟರಿನ ಇನ್ನೊಂದು ಕಾಲು ಹಾಲ್ ಗ್ರೌಂಡಿಗೆ. ಇದಕ್ಕೆ ಬೆಲೆಯಾಗಿ, ಪೆಡಲ್ ನಿಲ್ಲಿಸಿ ಇಳಿಜಾರಿನಲ್ಲಿ ಜಾರುವಾಗ ಡಿಸ್‌ಪ್ಲೇಯಲ್ಲಿ ಸ್ಪೀಡ್ ಸೊನ್ನೆ ತೋರಿಸುತ್ತದೆ. ಚಕ್ರ ಉರುಳುತ್ತಿದ್ದರೂ ಒಳಗೆ ಮೋಟರ್ ತಿರುಗದಿದ್ದರೆ ಕಂಟ್ರೋಲರಿಗೆ ವೇಗ ಗೊತ್ತಾಗುವುದಿಲ್ಲ. ನನಗೇನೂ ಬೇಜಾರಿಲ್ಲ.

90 ಡಿಗ್ರಿಯಿಂದ ಕರೆಂಟ್ ಇಳಿಯುತ್ತಾ ಬಂದು 110ಕ್ಕೆ ಪೂರ್ತಿ ನಿಲ್ಲುವಂತೆ ಸೆಟ್ ಮಾಡಿದ್ದೇನೆ. ಏಪ್ರಿಲ್ ಮಧ್ಯಾಹ್ನ ಬಾವುಟಗುಡ್ಡೆ ಹತ್ತಿ ಕೂಡಲೇ ಕದ್ರಿ ಏರಿಗೆ ಹೋದರೆ 90 ಮುಟ್ಟುತ್ತದೆ, ಬಲ ಮೆಲ್ಲಗೆ ಇಳಿಯುವುದು ಕಾಲಿಗೆ ಗೊತ್ತಾಗುತ್ತದೆ. ಆಗ ಸಣ್ಣ ಗೇರಿಗೆ ಹಾಕಿ ನಾವೂ ತುಳಿದರೆ ಆಯಿತು. ಬೆಳಗ್ಗೆ ಹೊತ್ತು ಅದೇ ದಾರಿಯಲ್ಲಿ 80 ದಾಟಿದ್ದು ಕಂಡಿಲ್ಲ. 20 ಆಂಪ್ ಕೂಡ ನೋಡಿಯಾಯಿತು. ಏರಿನಲ್ಲಿ ಸಿಕ್ಕ ಲಾಭ ಚೂರೇ ಚೂರು, ಶಾಖ ಮಾತ್ರ ಗಂಟು ಬಿದ್ದಿತು. ವಾಪಸ್ 18.

ಮೋಟರಿನ ಹೊರಗೂ ಒಂದೆರಡು ಕೆಲಸ ಇದೆ. ಬಲ ಹೆಚ್ಚಿದಂತೆ ಆಕ್ಸಲ್ ಫ್ರೇಮಿನಲ್ಲೇ ತಿರುಗಲು ನೋಡುತ್ತದೆ. ತಿರುಗಿದರೆ ಚಕ್ರ ಕಳಚಬಹುದು, ಒಳಗೆ ಹೋಗುವ ಕೇಬಲ್ ತಿರುಚಿ ತುಂಡಾಗಬಹುದು. ಅಲ್ಯೂಮಿನಿಯಂ ಫ್ರೇಮ್ ಆದರಂತೂ ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮಿಗೆ ಹಿಡಿದಿಡುವ ಲೋಹದ ಪಟ್ಟಿ) ಇಲ್ಲದೆ ಒಂದು ಆಂಪ್ ಕೂಡ ಏರಿಸಬೇಡಿ. ನನ್ನದು ಉಕ್ಕು, ಆದರೂ ಹಾಕಿದ್ದೇನೆ. ಬ್ಯಾಟರಿಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಎಷ್ಟು ಆಂಪ್ ತಡೆದುಕೊಳ್ಳುತ್ತದೆ ಅಂತಲೂ ಕೇಳಿಕೊಳ್ಳಿ, ನನ್ನದು 20. ಕಂಟ್ರೋಲರ್ ಕರೆಂಟ್ ಅಳೆಯಲು ಬಳಸುವ ಷಂಟ್ ಮೇಲೆ ಸೋಲ್ಡರ್ ಸುರಿದು ಕರೆಂಟ್ ಏರಿಸುವ ಜುಗಾಡ್ ಒಂದಿದೆ, ಅಲ್ವಾ? ಅದು ಕಂಟ್ರೋಲರಿಗೆ ಸುಳ್ಳು ಲೆಕ್ಕ ಹೇಳಿದ ಹಾಗೆ. ನಿಜವಾಗಿ ಎಷ್ಟು ಹರಿಯುತ್ತಿದೆ ಅಂತ ಅದಕ್ಕೂ ಗೊತ್ತಿರುವುದಿಲ್ಲ, ನಮಗೂ ಗೊತ್ತಿರುವುದಿಲ್ಲ.

ಮಳೆಗೆ ಹೆದರಿದಷ್ಟು ಏನೂ ಆಗಲಿಲ್ಲ. ಕೇಬಲ್ ಆಕ್ಸಲಿಗಿಂತ ಒಮ್ಮೆ ಕೆಳಗಿಳಿದು ಆಮೇಲೆ ಮೇಲೆ ಹೋಗುವಂತೆ ಕಟ್ಟಿದರೆ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ನಟ್ಟುಗಳಿಗೆ ಮಾತ್ರ ತುಕ್ಕು, ಕಡಲೂರಿನಲ್ಲಿ ಅದಿದ್ದದ್ದೇ. ಬ್ರೇಕ್ ಪ್ಯಾಡ್ ಬೇಗ ಸವೆಯುತ್ತಿದೆ.

ಒಳಗಿನ ನೈಲಾನ್ ಗೇರುಗಳ ಸದ್ದು ಈಗ ಮೊದಲಿಗಿಂತ ತುಸು ಜೋರು. ಗ್ರೀಸ್ ಹಾಕಿಸಿದ ಮೇಲೆ ಸ್ವಲ್ಪ ತಗ್ಗಿತು. ಒಂದು ಸೆಟ್ ಗೇರ್ ತಂದು ಇಟ್ಟುಕೊಂಡಿದ್ದೇನೆ. ನಿಮ್ಮ ತೂಕ ನೂರು ಕಿಲೋ ಹತ್ತಿರ ಇದ್ದು, ದಿನಾ ಇಂಥ ಏರು ಇದ್ದರೆ ಈ ಕಸರತ್ತು ಬೇಡ. ಅದೇ ಮೋಟರನ್ನು 20 ಇಂಚಿನ ಚಕ್ರಕ್ಕೆ ಕಟ್ಟಿಸಿ, ಒಂದು ಆಂಪ್ ಏರಿಸದೆಯೇ ಏರಿನಲ್ಲಿ ತಳ್ಳುವ ಬಲ ಜಾಸ್ತಿ ಸಿಗುತ್ತದೆ.