ಒಂದಿನದ ವಿಜಯಪುರ: ಗುಮ್ಮಟ, ರೊಟ್ಟಿ, ಟಾಂಗಾ

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗ್ಬಿಡಿ, ಲೇಟಾದ್ರೆ ಸ್ಕೂಲ್ ಟ್ರಿಪ್ ಮಕ್ಕಳ ಕಿರುಚಾಟ ಬಿಟ್ರೆ ಬೇರೇನೂ ಕೇಳ್ಸಲ್ಲ. 1656ರಲ್ಲಿ ಮುಗಿದ ಮೊಹಮ್ಮದ್ ಆದಿಲ್ ಷಾ ಗೋರಿ ಇದು, ಮೂಲೆ ಮಿನಾರಿನ ಇಕ್ಕಟ್ಟು ಮೆಟ್ಲು ಹತ್ತಿ ಏಳು ಅಂತಸ್ತು ಮುಗಿಯೋಷ್ಟರಲ್ಲಿ ಮಂಡಿ ಹೋಯ್ತು ಆದ್ರೆ ಮೇಲೆ ಗೋಡೆ ಹತ್ರ ಪಿಸುಗುಟ್ಟಿದ್ದು ಆ ಕಡೆ ನಿಂತಿದ್ದ ನಮ್ಮೆಜಮಾನ್ರಿಗೆ ಕ್ಲಿಯರಾಗಿ ಕೇಳ್ಸ್ತು, ಮನೇಲಿ ಮಾತ್ರ ಕೂಗಿದ್ರೂ ಕೇಳ್ಸಲ್ಲ! ಮಲಿಕ್-ಎ-ಮೈದಾನ್ ಅನ್ನೋ ಹಳೇ ಫಿರಂಗಿ ನೋಡೋಕೆ ಹತ್ ನಿಮಿಷ ಸಾಕು. ಎರಡನೇ ಇಬ್ರಾಹಿಂ ಆದಿಲ್ ಷಾ ಗೋರಿ ಇರೋ ಇಬ್ರಾಹಿಂ ರೋಜಾನೇ ನಂಗೆ ಗುಮ್ಮಟಕ್ಕಿಂತ ಇಷ್ಟ ಆಗಿದ್ದು, ಆ ಕಲ್ಲಿನ ಕೆತ್ತನೆ ನೋಡ್ತಾ ಕೂತ್ಬಿಟ್ವಿ. ಮಧ್ಯಾಹ್ನ ಖಾನಾವಳಿ ಊಟ, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಬಡಿಸೋರು 'ಇನ್ನೊಂದ್ ತಗೋರಿ' ಅಂತ ಬಿಡ್ಲೇ ಇಲ್ಲ. ಟಾಂಗಾದವ್ರು ಮಾತ್ರ ಹೇಳಿದ್ದೊಂದು ಇಸ್ಕೊಂಡಿದ್ದೊಂದು, ಹತ್ತೋಕ್ ಮುಂಚೆನೇ ರೇಟ್ ಮಾತಾಡ್ಕೊಳ್ಳಿ.