ಕಮಾಂಡ್ ಲೈನ್‌ನಲ್ಲಿ ಮೆಮೊರಿ ಕಾರ್ಡ್ ಫಾರ್ಮ್ಯಾಟ್: ನಾಲ್ಕು ದಾರಿಯಲ್ಲೂ ಮಾಡಿ ನೋಡಿದೆ

ಯಕ್ಷಗಾನ ಮೇಳಗಳ ತಿರುಗಾಟ ಶುರುವಾದರೆ ನಮ್ಮ ಮನೆಯ ಮೆಮೊರಿ ಕಾರ್ಡುಗಳಿಗೆ ಬಿಡುವೇ ಇರುವುದಿಲ್ಲ. ಆಟದ ಪದ್ಯ, ಮಾತುಗಾರಿಕೆ ಎಲ್ಲವನ್ನೂ ಸಣ್ಣ ರೆಕಾರ್ಡರ್‌ನಲ್ಲಿ ಹಿಡಿದಿಡುವುದು ನನ್ನ ಹವ್ಯಾಸ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂತ ಇಟ್ಟರೆ ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಜಾಸ್ತಿ ಬೇಕು. ಬೆಳಗಿನವರೆಗಿನ ಆಟ ಅಂದರೆ ಎಂಟು ಜಿಬಿ ಹತ್ತಿರ. ಪಕ್ಕದಲ್ಲೇ ಭಾವ ಸ್ಟ್ಯಾಂಡ್ ಹಾಕಿ ವಿಡಿಯೋ ಮಾಡುತ್ತಾರೆ. ಹಾಗಾಗಿ ಕಾರ್ಡು ತುಂಬುವುದು, ಖಾಲಿ ಮಾಡುವುದು ಮೇ ತಿಂಗಳವರೆಗೂ ನಡೆದೇ ಇರುತ್ತದೆ.

ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬಹುದಲ್ವಾ? ಮಾಡಬಹುದು. ದಿನನಿತ್ಯಕ್ಕೆ ಅದೇ ಒಳ್ಳೆಯದು. ನನಗೆ ಕಮಾಂಡ್ ಲೈನ್ (ಆದೇಶವನ್ನು ಟೈಪ್ ಮಾಡಿ ಕೆಲಸ ಮಾಡಿಸುವ ದಾರಿ) ಬೇಕಾಗಿದ್ದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಹಾಕಿದ್ದ ಒಂದು 64 ಜಿಬಿ ಕಾರ್ಡಿನಿಂದ. ಅದನ್ನು ಭಾವನ ಕ್ಯಾಮೆರಾಗೆ ಕೊಡೋಣ ಅಂತ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಅರ್ಧ ಜಿಬಿ ಅಂತ ತೋರಿಸಿತು. ಪೈ ಕಾರ್ಡಿನಲ್ಲಿ ಎರಡು ಪಾರ್ಟಿಶನ್, ಅಂದರೆ ಎರಡು ಭಾಗ ಇರುತ್ತವೆ. ಬೂಟ್ ಆಗಲು ಸಣ್ಣದೊಂದು ಫ್ಯಾಟ್, ಉಳಿದಿದ್ದೆಲ್ಲ ಲಿನಕ್ಸ್‌ನ ಇಎಕ್ಸ್‌ಟಿ4 (ಎರಡೂ ಫೈಲ್ ಸಿಸ್ಟಮ್‌ಗಳು, ಅಂದರೆ ಫೈಲುಗಳನ್ನು ಜೋಡಿಸಿಡುವ ಕ್ರಮಗಳು). ಆ ಎರಡನೆಯದನ್ನು ವಿಂಡೋಸ್‌ಗೆ ಓದಲು ಬರುವುದಿಲ್ಲ. ಬಲ ಕ್ಲಿಕ್ ಮಾಡಿ ಫಾರ್ಮ್ಯಾಟ್ ಕೊಟ್ಟರೆ ಸಣ್ಣ ಪಾರ್ಟಿಶನ್ ಮಾತ್ರ ಫಾರ್ಮ್ಯಾಟ್ ಆಗುತ್ತದೆ, ಕಾರ್ಡು ಅರ್ಧ ಜಿಬಿಯಾಗಿಯೇ ಉಳಿಯುತ್ತದೆ. ಎಷ್ಟೋ ಜನ ಇಷ್ಟಕ್ಕೇ ಕಾರ್ಡು ಹಾಳಾಯಿತು ಅಂತ ಎಸೆಯುತ್ತಾರೆ. ಕಾರ್ಡಿಗೆ ಏನೂ ಆಗಿರುವುದಿಲ್ಲ.

ಅದೇ ಕಾರ್ಡನ್ನು ಮನೆಯಲ್ಲಿರುವ ಮೂರು ಕಂಪ್ಯೂಟರಿನಲ್ಲೂ ನಾಲ್ಕು ದಾರಿಯಲ್ಲಿ ಫಾರ್ಮ್ಯಾಟ್ ಮಾಡಿ ನೋಡಿದೆ. ಜೊತೆಗೆ ರೆಕಾರ್ಡರ್‌ನ 32 ಜಿಬಿ ಕಾರ್ಡು. ಕಮಾಂಡುಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಮೊದಲು ಒಂದು ಮಾತು. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡಿಗೆ ಫ್ಯಾಟ್32, ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡಿಗೆ ಎಕ್ಸ್‌ಫ್ಯಾಟ್. ಇದು ಎಸ್‌ಡಿ ಅಸೋಸಿಯೇಷನ್ ಮಾಡಿದ ನಿಯಮ. ಫ್ಯಾಟ್32ರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಉದ್ದದ ವಿಡಿಯೋ ಮಾಡುವವರಿಗೆ ಎಕ್ಸ್‌ಫ್ಯಾಟ್ ಬೇಕಾಗುವುದು ಅದಕ್ಕೇ.

ವಿಂಡೋಸ್‌ನ ಡಿಸ್ಕ್‌ಪಾರ್ಟ್ ಅನ್ನುವ ಕಮಾಂಡಿನಿಂದ ಶುರು ಮಾಡಿದೆ. ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್, ಕ್ಲೀನ್, ಕ್ರಿಯೇಟ್ ಪಾರ್ಟಿಶನ್ ಪ್ರೈಮರಿ, ಆಮೇಲೆ ಫಾರ್ಮ್ಯಾಟ್. ಫಾರ್ಮ್ಯಾಟ್ ಸಾಲಿನಲ್ಲಿ ಎಕ್ಸ್‌ಫ್ಯಾಟ್ ಅಂತಲೂ ಕ್ವಿಕ್ ಅಂತಲೂ ಸೇರಿಸಬೇಕು. ಪೈ ಕಾರ್ಡು ಒಂದೇ ನಿಮಿಷದಲ್ಲಿ ಪೂರ್ತಿ 64 ಜಿಬಿಯಾಗಿ ವಾಪಸ್ ಬಂತು. ಕ್ವಿಕ್ ಮರೆತರೆ ಕಾರ್ಡಿನ ತುಂಬ ಸೊನ್ನೆ ಬರೆಯುತ್ತಾ ಕೂರುತ್ತದೆ. ನನ್ನ ಹಳೆಯ ಯುಎಸ್‌ಬಿ ರೀಡರ್‌ನಲ್ಲಿ ಅದಕ್ಕೆ ಒಂದು ಗಂಟೆ ಹತ್ತಿರ ಹಿಡಿಯಿತು.

ಕೆಲಸ ಪಕ್ಕಾ. ಆದರೆ ಡಿಸ್ಕ್‌ಪಾರ್ಟ್ ಕಂಡರೆ ನನಗೆ ಇವತ್ತಿಗೂ ಭಯ. ಕ್ಲೀನ್ ಅಂತ ಒತ್ತಿದರೆ ಅದು ಹೌದಾ ಅಲ್ಲವಾ ಅಂತ ಕೇಳುವುದಿಲ್ಲ. ಮೂರು ವರ್ಷದ ಹಿಂದೆ ಒಂದು ಸಂಜೆ ಕಾರ್ಡಿಗೆ ಒಂದನೇ ನಂಬರು ಬಂದಿತ್ತು. ಮಾರನೇ ದಿನ ಅಕ್ಕನ ಎಕ್ಸ್‌ಟರ್ನಲ್ ಡಿಸ್ಕ್ ಮೊದಲೇ ಸಿಕ್ಕಿಸಿದ್ದರಿಂದ ಒಂದನೇ ನಂಬರು ಅದಕ್ಕೆ ಹೋಗಿತ್ತು. ನಾನು ಪಟ್ಟಿ ನೋಡದೆ ಹಿಂದಿನ ದಿನದ ಹಾಗೆಯೇ ಸೆಲೆಕ್ಟ್ ಡಿಸ್ಕ್ ಒಂದು ಅಂತ ಹೊಡೆದೆ. ತಪ್ಪು ಪೂರ್ತಿ ನನ್ನದೇ. ಕ್ಲೀನ್‌ನಲ್ಲೇ ನಿಲ್ಲಿಸಿದ್ದರೆ ಟೆಸ್ಟ್‌ಡಿಸ್ಕ್ ಅನ್ನುವ ಸಾಫ್ಟ್‌ವೇರ್ ಹಾಕಿ ಹಳೆಯ ಪಾರ್ಟಿಶನ್ ಹುಡುಕಿಕೊಳ್ಳಬಹುದಿತ್ತು. ನಾನು ಮುಂದುವರಿದು ಫಾರ್ಮ್ಯಾಟ್ ಕೂಡ ಮಾಡಿದ್ದೆ. ಕೊನೆಗೆ ಅಳಿದ ಫೈಲು ಹುಡುಕುವ ಫೋಟೋರೆಕ್ ಓಡಿಸಿ ಅವಳ ಮದುವೆಯ ಫೋಟೋಗಳನ್ನು ಎತ್ತಿದೆ. ಒಂದಕ್ಕೂ ಹೆಸರಿಲ್ಲ, ಫೋಲ್ಡರ್ ಇಲ್ಲ. ಎಫ್ ಅಕ್ಷರದ ಮುಂದೆ ಉದ್ದದ ನಂಬರು, ಅಷ್ಟೇ. ಧಾರೆ ಯಾವುದು, ಊಟದ ಪಂಕ್ತಿ ಯಾವುದು ಅಂತ ಅಕ್ಕನೇ ಎರಡು ಭಾನುವಾರ ಕೂತು ಬೇರೆ ಮಾಡಿದಳು.

ಬರೀ ಫಾರ್ಮ್ಯಾಟ್ ಅನ್ನುವ ಕಮಾಂಡೂ ವಿಂಡೋಸ್‌ನಲ್ಲಿದೆ. ಪಾರ್ಟಿಶನ್ ಸರಿಯಿರುವ ಕಾರ್ಡಿಗೆ ಅದು ಸಾಕು, ಎಚ್ಚರಿಕೆಯನ್ನೂ ಕೊಡುತ್ತದೆ. 32 ಜಿಬಿಗಿಂತ ದೊಡ್ಡದಕ್ಕೆ ಫ್ಯಾಟ್32 ಕೊಡುವುದಿಲ್ಲ ಅನ್ನುವ ಹಳೆಯ ಮಿತಿಯನ್ನು 2024ರಲ್ಲಿ ವಿಂಡೋಸ್ 11ರ ಪರೀಕ್ಷಾ ಆವೃತ್ತಿಯಲ್ಲಿ 2 ಟಿಬಿಗೆ ಏರಿಸಿದರು.

ನಾನು ದಿನವೂ ಕೂರುವುದು ಲಿನಕ್ಸ್ ಮುಂದೆ. ಇಲ್ಲಿ ಎಲ್‌ಎಸ್‌ಬಿಎಲ್‌ಕೆ ಅಂತ ಹೊಡೆದರೆ ಡಿಸ್ಕುಗಳು ಗಿಡದ ಕೊಂಬೆಗಳ ಹಾಗೆ ಕಾಣುತ್ತವೆ. 64 ಜಿಬಿ ಕಾರ್ಡು 59.5 ಅಂತಲೂ 32ರದ್ದು 29.7 ಅಂತಲೂ ಬರುತ್ತದೆ. ಜಾಗ ಯಾರೂ ಕದ್ದಿಲ್ಲ, ಕಾರ್ಡಿನವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಈ ಕಮಾಂಡು 1024ರ ಲೆಕ್ಕದಲ್ಲಿ. ಈ ಎರಡು ಅಂಕಿ ನನಗೆ ಬಾಯಿಪಾಠ. ಬೇರೆ ಅಂಕಿ ಕಂಡರೆ ಕೈ ತಾನಾಗಿ ನಿಲ್ಲುತ್ತದೆ. ಇನ್ನೂ ಒಳ್ಳೆಯದೆಂದರೆ ಲ್ಯಾಪ್‌ಟಾಪಿನ ಸ್ವಂತ ಸ್ಲಾಟ್. ಯುಎಸ್‌ಬಿ ರೀಡರ್‌ನಲ್ಲಿ ಕಾರ್ಡು ಎಸ್‌ಡಿಬಿ ಅಂತ ಹಾರ್ಡ್‌ಡಿಸ್ಕಿನ ಹೆಸರಿನ ಹಾಗೇ ಬರುತ್ತದೆ. ನನ್ನ ಲ್ಯಾಪ್‌ಟಾಪಿನ ಸ್ಲಾಟಿಗೆ ಹಾಕಿದರೆ ಎಂಎಂಸಿಬಿಎಲ್‌ಕೆ0 ಅಂತ ಬರುತ್ತದೆ. ಆ ಹೆಸರಿಗೆ ಹೊಡೆದರೆ ಎಕ್ಸ್‌ಟರ್ನಲ್ ಡಿಸ್ಕಿಗೆ ಬೀಳುವ ಪ್ರಶ್ನೆಯೇ ಇಲ್ಲ.

ವೈಪ್‌ಎಫ್‌ಎಸ್‌ನಿಂದ ಹಳೆಯ ಗುರುತು ಅಳಿಸಿ, ಎಫ್‌ಡಿಸ್ಕ್‌ನಲ್ಲಿ ಒಂದು ಪಾರ್ಟಿಶನ್ ಮಾಡಿ, ಎಂಕೆಎಫ್‌ಎಸ್‌ನಿಂದ ಎಕ್ಸ್‌ಫ್ಯಾಟ್ ಹಾಕಿದೆ. ಭಾವನ ಕ್ಯಾಮೆರಾ ಒಪ್ಪಲೇ ಇಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಎಫ್‌ಡಿಸ್ಕ್ ಹೊಸ ಪಾರ್ಟಿಶನ್‌ಗೆ ತಾನಾಗಿ 83 ಅಂತ, ಅಂದರೆ ಲಿನಕ್ಸ್ ಅಂತ ಗುರುತು ಹಾಕುತ್ತದೆ. ಒಳಗೆ ಎಕ್ಸ್‌ಫ್ಯಾಟ್ ತುಂಬಿದರೂ ಹೊರಗಿನ ಬೋರ್ಡು ಲಿನಕ್ಸ್‌ದೇ. ಎಕ್ಸ್‌ಫ್ಯಾಟ್‌ಗೆ 7, ಫ್ಯಾಟ್32ಕ್ಕೆ ಸಿ ಅಂತ ಬದಲಾಯಿಸಬೇಕು. ಬದಲಾಯಿಸಿದ ತಕ್ಷಣ ಕ್ಯಾಮೆರಾ ತೆಗೆದುಕೊಂಡಿತು.

ಇನ್ನೊಂದು ವಿಷಯಕ್ಕೆ ಈ ದಾರಿ ನನಗೆ ಇಷ್ಟ. ಮೌಂಟ್ ಆಗಿರುವ (ಬಳಕೆಗೆ ತೆರೆದಿರುವ) ಕಾರ್ಡಿಗೆ ಫ್ಯಾಟ್32 ಹಾಕಲು ಹೋದರೆ ಎಂಕೆಎಫ್‌ಎಸ್ ಒಪ್ಪುವುದಿಲ್ಲ. ಅನ್‌ಮೌಂಟ್ ಮಾಡುವಾಗ ಆ ಹೆಸರನ್ನು ಇನ್ನೊಮ್ಮೆ ಟೈಪ್ ಮಾಡಬೇಕು, ಅಷ್ಟರಲ್ಲಿ ಒಮ್ಮೆ ಯೋಚಿಸಲು ಸಮಯ ಸಿಗುತ್ತದೆ. ಡಿಡಿ ಅನ್ನುವ ಕಮಾಂಡು ಹಾಕಿ ಕಾರ್ಡು ಕ್ಲೀನ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಡಿಡಿ ಫಾರ್ಮ್ಯಾಟೇ ಮಾಡುವುದಿಲ್ಲ, ಸುಮ್ನೆ ಸೊನ್ನೆ ಬರೆಯುತ್ತದೆ. ಮೌಂಟ್ ಆಗಿದ್ದರೂ ತಡೆಯುವುದಿಲ್ಲ. ಹೊಸಬರು ಅದನ್ನು ಮುಟ್ಟದಿದ್ದರೆ ಒಳ್ಳೆಯದು.

ಮ್ಯಾಕ್‌ನ ಡಿಸ್ಕ್‌ಯುಟಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇರೇಸ್‌ಡಿಸ್ಕ್ ಅನ್ನುವ ಒಂದೇ ಸಾಲಿನಲ್ಲಿ ಪಾರ್ಟಿಶನ್, ಫಾರ್ಮ್ಯಾಟ್, ಹೆಸರು ಎಲ್ಲ ಮುಗಿಯುತ್ತದೆ. ಮೂರರಲ್ಲಿ ಇದೇ ಸುಲಭ. ಆದರೆ ಎಂಬಿಆರ್ ಫಾರ್ಮ್ಯಾಟ್ ಅನ್ನುವ ಪದವನ್ನು ಮರೆಯಬೇಡಿ. ಮರೆತರೆ ಅದು ಜಿಪಿಟಿ ಮಾಡಿಬಿಡುತ್ತದೆ (ಎಂಬಿಆರ್, ಜಿಪಿಟಿ ಎರಡೂ ಪಾರ್ಟಿಶನ್‌ಗಳ ಪಟ್ಟಿ ಬರೆದಿಡುವ ವಿಧಾನಗಳು), ಮುಂದೆ 200 ಎಂಬಿಯ ಇನ್ನೊಂದು ಪಾರ್ಟಿಶನ್ ಕೂರಿಸುತ್ತದೆ. ರೆಕಾರ್ಡರ್ ಆ ಕಾರ್ಡನ್ನು ಗುರುತೇ ಹಿಡಿಯಲಿಲ್ಲ. ಫ್ಯಾಟ್32 ಆದರೆ ಕಾರ್ಡಿನ ಹೆಸರು ದೊಡ್ಡ ಅಕ್ಷರದಲ್ಲಿ, ಹನ್ನೊಂದು ಅಕ್ಷರದೊಳಗೆ ಇರಬೇಕು.

ನಾಲ್ಕನೆಯದು ಎಸ್‌ಡಿ ಅಸೋಸಿಯೇಷನ್‌ನದೇ ಫಾರ್ಮ್ಯಾಟರ್. ವಿಂಡೋಸ್‌ಗೂ ಮ್ಯಾಕ್‌ಗೂ ಕಿಟಕಿ ಇರುವ ಸಾಫ್ಟ್‌ವೇರ್ ಕೊಡುತ್ತಾರೆ, ಲಿನಕ್ಸ್‌ಗೆ ಕಮಾಂಡ್ ಲೈನ್ ಮಾತ್ರ. ಹೆಸರು ಫಾರ್ಮ್ಯಾಟ್ ಎಸ್‌ಡಿ. ಅವರ ಸೈಟಿನಿಂದ ಒಪ್ಪಂದಕ್ಕೆ ಒಪ್ಪಿ ಇಳಿಸಿಕೊಳ್ಳಬೇಕು. ಫ್ಯಾಟ್32 ಬೇಕಾ ಎಕ್ಸ್‌ಫ್ಯಾಟ್ ಬೇಕಾ ಅಂತ ಕೇಳುವುದಿಲ್ಲ, ಕಾರ್ಡಿನ ಸೈಜು ನೋಡಿ ತಾನೇ ಹಾಕುತ್ತದೆ.

ಇದು ಮಾಡಿದ ಕಾರ್ಡನ್ನು ಎಫ್‌ಡಿಸ್ಕ್‌ನಲ್ಲಿ ತೆರೆದು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ನಾನು ಕೈಯಾರೆ ಮಾಡಿದಾಗ ಪಾರ್ಟಿಶನ್ 2048ನೇ ಸೆಕ್ಟರ್‌ನಿಂದ (ಸೆಕ್ಟರ್ ಅಂದರೆ ಕಾರ್ಡಿನ ಜಾಗವನ್ನು ಎಣಿಸುವ ಸಣ್ಣ ತುಂಡು) ಶುರುವಾಗಿತ್ತು. ಇಲ್ಲಿ 64 ಜಿಬಿ ಕಾರ್ಡಿನಲ್ಲಿ 32768ರಿಂದ, 32 ಜಿಬಿಯದರಲ್ಲಿ 8192ರಿಂದ. ಅಂದರೆ 16 ಎಂಬಿ ಮತ್ತು 4 ಎಂಬಿ ಜಾಗ ಮುಂದೆ ಬಿಟ್ಟಿದೆ. ಫ್ಲ್ಯಾಶ್ ಮೆಮೊರಿ ಅಳಿಸುವುದು ದೊಡ್ಡ ದೊಡ್ಡ ಬ್ಲಾಕ್‌ಗಳಾಗಿ. ಆ ಬ್ಲಾಕಿನ ಅಂಚಿಗೆ ಫೈಲ್ ಸಿಸ್ಟಮ್ ಸರಿಯಾಗಿ ಕೂತರೆ ಒಂದು ಸಣ್ಣ ಬರಹಕ್ಕೆ ಎರಡು ಬ್ಲಾಕ್ ಕೆದಕಬೇಕಾಗಿಲ್ಲ. ನನ್ನ ಆಡಿಯೋ ರೆಕಾರ್ಡಿಂಗ್‌ನಲ್ಲಿ ವೇಗದ ವ್ಯತ್ಯಾಸ ಕಾಣಲಿಲ್ಲ, ಸೆಕೆಂಡಿಗೆ 288 ಕೆಬಿ ಯಾವ ಕಾರ್ಡಿಗೂ ಭಾರವಲ್ಲ. ವಿಡಿಯೋಗೆ ಮಾತ್ರ ನಾನು ಇದನ್ನೇ ನೆಚ್ಚುತ್ತೇನೆ. ಎಫ್‌ಡಿಸ್ಕ್‌ನಲ್ಲೂ ಮೊದಲ ಸೆಕ್ಟರ್ ಕೇಳಿದಾಗ 32768 ಅಂತ ಕೊಟ್ಟರೆ ಪಾರ್ಟಿಶನ್ ಅಲ್ಲಿಂದಲೇ ಶುರುವಾಗುತ್ತದೆ.

ಈ ಪರೀಕ್ಷೆಯ ನಡುವೆ ಒಂದು ಹಳೆಯ 16 ಜಿಬಿ ಕಾರ್ಡೂ ಸಿಕ್ಕಿತು. ನಾಲ್ಕು ದಾರಿಯಲ್ಲೂ ಫಾರ್ಮ್ಯಾಟ್ ಆಯಿತು ಅಂತಲೇ ಬಂತು. ಕಿತ್ತು ಮತ್ತೆ ಹಾಕಿದರೆ ಹಳೆಯ ಫೈಲುಗಳೆಲ್ಲ ಹಾಗೇ ಇವೆ. ಪಕ್ಕದ ಲಾಕ್ ಗುಂಡಿಯೂ ಸರಿಯಾಗಿತ್ತು. ಒಳಗಿನ ಕಂಟ್ರೋಲರ್ ಚಿಪ್ ಇನ್ನು ಬರೆಯಲಾರೆ ಅಂತ ನಿರ್ಧರಿಸಿಬಿಟ್ಟರೆ ಹೀಗಾಗುತ್ತದೆ, ಯಾವ ಕಮಾಂಡೂ ಅದನ್ನು ಎಬ್ಬಿಸಲಾರದು. ಆ ಕಾರ್ಡಿನಲ್ಲಿ ಉಳಿದಿದ್ದು ಎಂಟು ವರ್ಷದ ಹಿಂದಿನ ಒಂದು ಹರಕೆ ಆಟ. ಅದರ ಪ್ರತಿ ನನ್ನ ಹತ್ತಿರ ಬೇರೆಲ್ಲೂ ಇರಲಿಲ್ಲ. ರಾತ್ರಿಯೇ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಂಡು, ಚೌಕಿಪೂಜೆಯ ಚಂಡೆಯಿಂದ ಮಂಗಳದವರೆಗೂ ಹೆಡ್‌ಫೋನ್ ಹಾಕಿ ಕೇಳಿದೆ.