ಮೂರಿಂಚಿನ ಮೀನು ನೋಡಿ ಮೂರಡಿ ಟ್ಯಾಂಕ್ ತಂದೆ

ನಮ್ಮ ಬಾಗಲಕೋಟೆ ಕಡೆ ಉಪ್ಪುನೀರಿನ ಮೀನು ಸಾಕಬೇಕು ಅಂತ ಆಸೆ ಇಟ್ಟುಕೊಂಡವರು ಮೊದಲು ಇದನ್ನು ಓದಿ, ಆಮೇಲೆ ಕಿಸೆಗೆ ಕೈ ಹಾಕಿ.

ನಾನು ತಂದದ್ದು ಪ್ಯಾಂಥರ್ ಗ್ರೂಪರ್. ಬಿಳಿ ಮೈ, ಕರಿ ಚುಕ್ಕಿ, ತಲೆ ತಗ್ಗಿಸಿ ರೆಕ್ಕೆ ಬಡಿಯುತ್ತ ಈಜುವ ಠೀವಿ. ಕವರಿನಲ್ಲಿದ್ದಾಗ ಮೂರೇ ಇಂಚು. ಎಷ್ಟು ದೊಡ್ಡದಾಗ್ತದ ಅಂತ ಕೇಳಿದೆ. "ಟ್ಯಾಂಕ್ ಎಷ್ಟೈತಿ ಅಷ್ಟ ಬೆಳಿತೈತ್ರಿ ಸರ. ಮೂರ್ ಫೂಟ್ ಬೇಕಾದಷ್ಟಾತು" ಅಂದ ಅಂಗಡಿಯವ. ಮನೆಯಲ್ಲಿ ಅವ್ವ ಮಾತ್ರ ಟ್ಯಾಂಕಿನ ಮುಂದೆ ನಿಂತು, "ಬೆಳ್ಯೋ ಹುಡುಗ್ರ ಅಂಗಿಗೆ ನಾಕ್ ಬೆರಳ ಬಟ್ಟಿ ಮಡಚಿ ಹೊಲಸ್ತೀವಿ. ಇದಕ್ಕ ಏನ್ ಬಿಟ್ಟೀಯೋ?" ಅಂದಳು. ನಾನು ನಕ್ಕೆ.

ಆ ಮೀನು ಸಮುದ್ರದಲ್ಲಿ 70 ಸೆಂ.ಮೀ. ತನಕ ಬೆಳೆಯುವ ಜಾತಿ. ಟ್ಯಾಂಕಿಗೆ ತಕ್ಕಂತೆ ಮೀನು ಬೆಳೆಯುತ್ತದೆ ಅನ್ನುವುದು ಸುಳ್ಳು. ಚಿಕ್ಕ ಟ್ಯಾಂಕಿನಲ್ಲಿ ಬೆಳವಣಿಗೆ ನಿಂತರೆ ಅದು ಹೊಲಸು ನೀರಿಗೆ ಮೈ ಸೊರಗಿದ್ದು, ಹೊಂದಿಕೊಂಡಿದ್ದಲ್ಲ. ನನ್ನದಂತೂ ನಿಲ್ಲಲೂ ಇಲ್ಲ, ಹದಿನಾಲ್ಕು ತಿಂಗಳಿಗೆ ಹತ್ತಿಂಚಾಯಿತು. ನಡುವೆ ಒಂದು ಬೆಳಿಗ್ಗೆ ಅದೇ ಟ್ಯಾಂಕಿನಲ್ಲಿದ್ದ ಜೋಡಿ ಸಣ್ಣ ಕ್ಲೌನ್ ಮೀನು ಕಾಣಲಿಲ್ಲ. ಸ್ಟ್ಯಾಂಡಿನ ಕೆಳಗೆಲ್ಲ ಹುಡುಕಿದೆ. ಇವನ ಹೊಟ್ಟೆ ನೋಡಿದ ಮೇಲೆ ಹುಡುಕುವುದು ಬಿಟ್ಟೆ.

ಲೆಕ್ಕ ಕೇಳಿ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಅಂದರೆ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 150 ಲೀಟರ್ ಇದ್ದರೆ ಹೆಚ್ಚು. ಸಿಗಡಿ, ಮೀನಿನ ತುಂಡು ತಿನ್ನುವ ಪ್ರಾಣಿ, ತಿಂದಷ್ಟೂ ಹೊಲಸು. ಆ ಹೊಲಸಿನಿಂದ ನೀರಿನಲ್ಲಿ ಕೂಡಿಕೊಳ್ಳುವ ನೈಟ್ರೇಟ್ ಇಳಿಸಲು ವಾರಕ್ಕೆ 40 ಲೀಟರ್ ಬದಲಿಸುತ್ತಿದ್ದೆ. ಲೀಟರಿಗೆ 35 ಗ್ರಾಂ ಹಿಡಿದರೆ ಪ್ರತಿ ಸಲ 1.4 ಕೆ.ಜಿ. ಸಮುದ್ರದ ಮೀನಿಗೆಂದೇ ಮಾರುವ ಉಪ್ಪು. ಇನ್ನು ಅಗಲ: ಒಂದೂವರೆ ಅಡಿ ಅಂದರೆ 45 ಸೆಂ.ಮೀ. 70 ಸೆಂ.ಮೀ. ಮೀನು ಅದರಲ್ಲಿ ಹೊರಳುವುದು ಹೇಗೆ? ಎಲ್ಲರೂ ಉದ್ದ ಕೇಳುತ್ತಾರೆ, ಅಗಲ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

'ಆಮೇಲೆ ದೊಡ್ಡದು ತಂದರಾಯ್ತು' ಅಂದುಕೊಂಡಿದ್ದೆ. ಎಂಟಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿಗೆ 1,350 ಲೀಟರಿಗೂ ಮೇಲೆ ನೀರು ಬೇಕು. ನೀರೇ ಸುಮಾರು 1.4 ಟನ್, ಗಾಜು, ಕಲ್ಲು, ಸ್ಟ್ಯಾಂಡು ಬೇರೆ. ನಾವಿರುವುದು ನವನಗರದ ಬಾಡಿಗೆ ಮನೆಯ ಮೊದಲ ಮಹಡಿ. ಮಾಲೀಕರು ಪೂರ್ತಿ ಕೇಳುವ ಮೊದಲೇ ಕೈ ಮುಗಿದರು. ಅಂಗಡಿಯವ ವಾಪಸ್ ತಗೊಳ್ಳಲಿಲ್ಲ. "ಆಲಮಟ್ಟಿ ಹಿನ್ನೀರಿಗೆ ಬಿಟ್ಟ್ ಬಾರೋ" ಅಂದ ಗೆಳೆಯ. ಸಮುದ್ರದ ಮೀನು ಸಿಹಿನೀರಿಗೆ ಬಿದ್ದರೆ ಸತ್ತಂತೆಯೇ.

ಮೇ ತಿಂಗಳಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಮೂರು ತಾಸು. ಇನ್ವರ್ಟರಿಗೆ ಫ್ಯಾನು, ಲೈಟು ಮಾತ್ರ ಜೋಡಿಸಿದ್ದೆ. ಮೊದಲೇ ನೀರು 31 ಡಿಗ್ರಿ. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದರಲ್ಲಿ ಅಷ್ಟು ದೊಡ್ಡ ಜೀವ, ಪಂಪು ಬಂದ್. ನಾವು ಫ್ಯಾನಿನ ಕೆಳಗೆ ಮಲಗಿದ್ದೆವು. ಬೆಳಿಗ್ಗೆ ಅವನು ಮೂಲೆಯಲ್ಲಿ ಪಕ್ಕೆ ಮೇಲಾಗಿ ಬಿದ್ದಿದ್ದ. ಅವ್ವ ಆ ದಿನ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಇದು ಗ್ರೂಪರ್ ಒಂದರ ಮಾತಲ್ಲ. ಬ್ಲೂ ಟ್ಯಾಂಗ್ ಒಂದಡಿ ಬೆಳೆಯುತ್ತದೆ, ಅದೂ ಓಡಾಡುವ ಮೀನು, ಆರಡಿ ಉದ್ದಕ್ಕಿಂತ ಕಡಿಮೆಯಲ್ಲಿ ಇಡಬೇಡಿ. ಎಂಪರರ್ ಏಂಜಲ್ 40 ಸೆಂ.ಮೀ. ತನಕ ಹೋಗುತ್ತದೆ. ಅಂಗಡಿಯಲ್ಲಿ ಎಲ್ಲವೂ ಬೆರಳುದ್ದವೇ. ಹೆಸರು ಕೇಳಿಕೊಂಡು ಮನೆಗೆ ಬನ್ನಿ, ಪೂರ್ತಿ ಬೆಳೆದಾಗ ಎಷ್ಟು ಅಂತ ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಅಳತೆಯ ಗೆರೆ ಎಳೆಯಿರಿ. ಆ ಗೆರೆ ಸಲೀಸಾಗಿ ತಿರುಗುವಷ್ಟು ಅಗಲದ ಟ್ಯಾಂಕ್ ಮನೆಯಲ್ಲಿ ಹಿಡಿಸದಿದ್ದರೆ ಆ ಮೀನು ಬೇಡ.

ನನ್ನ ಮೂರಡಿ ಟ್ಯಾಂಕ್ ಸ್ಟ್ಯಾಂಡ್ ಸಮೇತ ಕೊಡುವುದಿದೆ. ಜೋಡಿ ಕ್ಲೌನ್, ಒಂದು ಸಣ್ಣ ಗೋಬಿ ಮೀನು ಇಡುವವರಾದರೆ ಅರ್ಧ ಬೆಲೆಗೆ ಒಯ್ಯಿರಿ. ಗ್ರೂಪರಿಗೆ ಅಂದರೆ ಕೊಡುವುದಿಲ್ಲ.